ವರ್ಡ್‌ಪ್ರೆಸ್ ಬ್ಲಾಗಿಗೆ ನಾನು ಆರಿಸಿಕೊಂಡ ಪ್ಲಗಿನ್‌ಗಳು

ಅಡಿಕೆ ಮತ್ತು ಕಾಳುಮೆಣಸಿನ ಬೇಸಾಯದ ಕುರಿತ ನನ್ನ ಕನ್ನಡ ಬ್ಲಾಗನ್ನು, ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ, ಸ್ವಂತ ಹೋಸ್ಟಿಂಗ್ ಪಡೆದು ನಡೆಸುತ್ತಿದ್ದೇನೆ. ಅಲ್ಲಿ ಎಷ್ಟೋ ಬಾರಿ ಲೇಖನಕ್ಕಿಂತ ಅದರ ಕೆಳಗಿನ ಪ್ರತಿಕ್ರಿಯೆಗಳೇ ಹೆಚ್ಚು ಉಪಯುಕ್ತವಾಗಿರುತ್ತವೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಎರಡನೆಯ ಬಾರಿ ಯಾವಾಗ ಸಿಂಪಡಿಸಬೇಕೆಂದು ಒಬ್ಬರು ಕೇಳಿದರೆ, ಇನ್ನೊಬ್ಬ ಬೆಳೆಗಾರರು ತಮ್ಮ ಊರಿನ ಮಳೆಯ ಲೆಕ್ಕದೊಂದಿಗೆ ಉತ್ತರಿಸುತ್ತಾರೆ. ಜೂಜಿನ ತಾಣಗಳ ಕೊಂಡಿಗಳ ನಡುವೆ ಅಂಥ ಪ್ರಶ್ನೆ ಹೂತುಹೋದರೆ ಆ ಬೆಳೆಗಾರರಿಗೆ ಸಕಾಲದಲ್ಲಿ ಉತ್ತರ ಸಿಗುವುದಿಲ್ಲ. ಆದ್ದರಿಂದ ಪ್ಲಗಿನ್‌ಗಳ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶಗಳ) ಆಯ್ಕೆಯನ್ನು ಸ್ಪ್ಯಾಮ್, ಅಂದರೆ ಇಂಥ ಬೇಡದ ಪ್ರತಿಕ್ರಿಯೆಗಳ, ತಡೆಯಿಂದಲೇ ಆರಂಭಿಸಿದೆ.

ಅದಕ್ಕೂ ಮೊದಲು ವರ್ಡ್‌ಪ್ರೆಸ್‌ನಲ್ಲೇ ಇರುವ ಚರ್ಚೆಯ ಸೆಟ್ಟಿಂಗ್ಸ್ ಪುಟವನ್ನು ಪೂರ್ತಿಯಾಗಿ ಓದಿದೆ. ಎರಡು ಅಥವಾ ಹೆಚ್ಚು ಕೊಂಡಿಗಳಿರುವ ಪ್ರತಿಕ್ರಿಯೆ ಪರಿಶೀಲನೆಗೆ ನಿಲ್ಲುವಂತೆಯೂ, ಹಿಂದೆ ಒಮ್ಮೆ ಒಪ್ಪಿಗೆ ಪಡೆದವರ ಮಾತು ಮಾತ್ರ ನೇರವಾಗಿ ಪ್ರಕಟವಾಗುವಂತೆಯೂ ಅಲ್ಲಿಯೇ ಹೊಂದಿಸಬಹುದು. ಬೇರೆ ತಾಣದವರು ನಮ್ಮ ಲೇಖನಕ್ಕೆ ಕೊಂಡಿ ಕೊಟ್ಟಾಗ ಬರುವ ಸೂಚನೆಗಳಾದ ಪಿಂಗ್‌ಬ್ಯಾಕ್ ಮತ್ತು ಟ್ರ್ಯಾಕ್‌ಬ್ಯಾಕ್‌ಗಳನ್ನು ನಿಲ್ಲಿಸಿದೆ. ಪ್ರತಿಕ್ರಿಯೆಗಳಲ್ಲಿನ ಕೊಂಡಿಗಳಿಗೆ ವರ್ಡ್‌ಪ್ರೆಸ್ 2005ರಿಂದಲೂ 'ನೋಫಾಲೋ' (ಈ ಕೊಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಹುಡುಕುತಾಣಗಳಿಗೆ ಹೇಳುವ) ಗುರುತು ಹಾಕುತ್ತಿರುವುದರಿಂದ ಸ್ಪ್ಯಾಮ್ ಹಾಕುವವರಿಗೆ ಹುಡುಕುತಾಣಗಳಲ್ಲಿ ಹೆಚ್ಚಿನ ಲಾಭವಿಲ್ಲ. ಆದರೆ ಸಿಕ್ಕ ಸಿಕ್ಕ ಪ್ರತಿಕ್ರಿಯೆ ಖಾನೆಗಳನ್ನೆಲ್ಲ ತುಂಬುತ್ತ ಹೋಗುವ ಬಾಟ್‌ಗಳು (ತಾವಾಗಿಯೇ ಕೆಲಸ ಮಾಡುವ ಪ್ರೋಗ್ರಾಂಗಳು) ಅದನ್ನು ಲೆಕ್ಕಿಸುವುದಿಲ್ಲ.

ಅಕಿಸ್ಮೆಟ್ ಮತ್ತು ಆ್ಯಂಟಿಸ್ಪ್ಯಾಮ್ ಬೀ ಎಂಬ ಎರಡು ಸ್ಪ್ಯಾಮ್ ತಡೆ ಪ್ಲಗಿನ್‌ಗಳನ್ನು ಹೋಲಿಸಿ ನೋಡಿದೆ. ಅಕಿಸ್ಮೆಟ್‌ಗೆ ಎಪಿಐ ಕೀ (ಅದರ ಸೇವೆ ಬಳಸಲು ಪಡೆಯಬೇಕಾದ ಗುಪ್ತ ಸಂಕೇತ) ಬೇಕು. ವೈಯಕ್ತಿಕ, ವಾಣಿಜ್ಯೇತರ ತಾಣಗಳಿಗೆ ಅದು ಉಚಿತ. ಅದು ಪ್ರತಿಕ್ರಿಯೆಯನ್ನು, ಬರೆದವರ ಐಪಿ ವಿಳಾಸ ಮತ್ತು ಇಮೇಲ್ ಸಮೇತ, ತನ್ನ ಸರ್ವರ್‌ಗೆ ಕಳುಹಿಸಿ ಪರೀಕ್ಷಿಸುತ್ತದೆ. ಓದುಗರು ನನ್ನನ್ನು ನಂಬಿ ಕೊಟ್ಟ ವಿವರ ಬೇರೆಡೆಗೆ ಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಆ್ಯಂಟಿಸ್ಪ್ಯಾಮ್ ಬೀ ಕೀ ಕೇಳುವುದಿಲ್ಲ. ಮನುಷ್ಯರ ಕಣ್ಣಿಗೆ ಕಾಣದ ಒಂದು ಖಾನೆಯನ್ನು ಇಟ್ಟು, ಅದನ್ನು ತುಂಬಿದ ಬಾಟನ್ನು ನಮ್ಮ ಸರ್ವರ್‌ನಲ್ಲಿಯೇ ಗುರುತಿಸುತ್ತದೆ. ಹಾಗಾಗಿ ಅದನ್ನೇ ಉಳಿಸಿಕೊಂಡೆ. ಸ್ಪ್ಯಾಮನ್ನು ತಕ್ಷಣ ಅಳಿಸದೆ ಗುರುತು ಮಾಡಿ ಇಡುವ ಆಯ್ಕೆಯನ್ನು ಖಂಡಿತವಾಗಿ ಬಳಸಬೇಕು, ಏಕೆಂದರೆ ಆ ಪಟ್ಟಿಯಲ್ಲಿ ಆಗಾಗ ನಿಜವಾದ ಓದುಗರೂ ಸಿಗುತ್ತಾರೆ. ಕನ್ನಡ ಲಿಪಿಯಿಲ್ಲದ ಪ್ರತಿಕ್ರಿಯೆಗಳನ್ನೆಲ್ಲ ತಡೆಯಿರಿ ಎಂಬ ಸಲಹೆಯೂ ಬಂದಿತ್ತು. ನಾನು ಒಪ್ಪಲಿಲ್ಲ, ನಮ್ಮ ಎಷ್ಟೋ ಬೆಳೆಗಾರರು ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯುತ್ತಾರೆ.

ಪುಟಗಳು ಬೇಗ ತೆರೆದುಕೊಳ್ಳಲೆಂದು, ಅವುಗಳನ್ನು ಮೊದಲೇ ಸಿದ್ಧಪಡಿಸಿಡುವ ಡಬ್ಲ್ಯುಪಿ ಸೂಪರ್ ಕ್ಯಾಶ್ ಹಾಕಿಕೊಂಡಾಗ ಆ್ಯಂಟಿಸ್ಪ್ಯಾಮ್ ಬೀಯಲ್ಲಿ ಪ್ರತಿಕ್ರಿಯೆ ಬರೆಯಲು ಹಿಡಿದ ಸಮಯವನ್ನು ಅಳೆಯುವ ಆಯ್ಕೆಯನ್ನು ನಿಲ್ಲಿಸಿಟ್ಟೆ, ಏಕೆಂದರೆ ಮೊದಲೇ ಸಿದ್ಧಪಡಿಸಿಟ್ಟ ಪುಟದಲ್ಲಿ ಆ ಅಳತೆ ಸರಿಯಾಗಿ ಬರುವುದಿಲ್ಲ. ಬ್ಯಾಕಪ್‌ಗೆ ಅಪ್‌ಡ್ರಾಫ್ಟ್‌ಪ್ಲಸ್ ಇದೆ; ಡೇಟಾಬೇಸ್ ಮತ್ತು ಫೈಲ್‌ಗಳೆರಡೂ ಗೂಗಲ್ ಡ್ರೈವ್‌ಗೆ ಹೋಗುತ್ತವೆ.

ಕನ್ನಡ ಶೀರ್ಷಿಕೆಗಳಿಂದ ತಾನಾಗಿಯೇ ರೂಪುಗೊಳ್ಳುವ ಪುಟದ ವಿಳಾಸದ (ಯುಆರ್‌ಎಲ್) ತೊಂದರೆಗೆ ಮಾತ್ರ ಪ್ಲಗಿನ್ ಬೇಡವೆಂದು ನಿರ್ಧರಿಸಿದೆ. ವಿಳಾಸದಲ್ಲಿ ಕನ್ನಡದ ಒಂದೊಂದು ಸಂಕೇತವೂ 9 ಚಿಹ್ನೆಗಳಾಗಿ ಬದಲಾಗುತ್ತದೆ. ವರ್ಡ್‌ಪ್ರೆಸ್ ಅದಕ್ಕೆ ಕೊಡುವ ಜಾಗ 200 ಚಿಹ್ನೆಗಳು. ಒತ್ತಕ್ಷರ, ಗುಣಿತಗಳು ಬೇರೆ ಬೇರೆಯಾಗಿ ಎಣಿಕೆಯಾಗುವುದರಿಂದ ಉದ್ದದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಪ್ರಕಟಿಸುವ ಮೊದಲು ಚಿಕ್ಕ ವಿಳಾಸವನ್ನು ನಾನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತೇನೆ.

ಯಾವುದೇ ಪ್ಲಗಿನ್ ಹಾಕುವ ಮೊದಲು ಅದು ಕೊನೆಯದಾಗಿ ಯಾವಾಗ ಅಪ್‌ಡೇಟ್ ಆಗಿದೆ, ವರ್ಡ್‌ಪ್ರೆಸ್‌ನ ಯಾವ ಆವೃತ್ತಿಯವರೆಗೆ ಪರೀಕ್ಷೆಯಾಗಿದೆ ಎಂಬುದನ್ನು ನೋಡುತ್ತೇನೆ. ಒಂದನ್ನು ಹಾಕಿ, ತಾಣವನ್ನು ಲಾಗಿನ್ ಆಗದೆ ತೆರೆದು, ಪ್ರತಿಕ್ರಿಯೆ ಬರೆದು ಪರೀಕ್ಷಿಸಿದ ಮೇಲೆಯೇ ಮುಂದಿನದು. ಬೇಡವೆನಿಸಿದ ಪ್ಲಗಿನ್ ಅನ್ನು ನಿಷ್ಕ್ರಿಯಗೊಳಿಸಿದರೆ ಸಾಲದು. ಅದರ ಫೈಲ್‌ಗಳು ಸರ್ವರ್‌ನಲ್ಲಿಯೇ ಉಳಿದು, ಹಳತಾದಂತೆ ದಾಳಿಗೆ ದಾರಿಯಾಗಬಹುದಾದ್ದರಿಂದ ಅದನ್ನು ಪೂರ್ತಿಯಾಗಿ ಅಳಿಸಿಬಿಡುತ್ತೇನೆ.