ಎಕ್ಸಾಮ್ ಟೈಮಲ್ಲಿ ನಿದ್ದೆ ಬಿಡ್ಬೇಡಿ, ಹೀಗ್ ಮಾಡಿ

ಸೆಕೆಂಡ್ ಪಿಯುಸಿ ಎಕ್ಸಾಮ್ ಹತ್ರ ಬಂತು ಅಂದ್ರೆ ಸಾಕು ರಾತ್ರಿಯೆಲ್ಲಾ ಓದೋದು ಶುರು, ಆದ್ರೆ ಓದಿದ್ದು ತಲೇಲಿ ಗಟ್ಟಿಯಾಗಿ ಕೂರೋಕೆ ಗಾಢ ನಿದ್ದೆ ಬೇಕೇ ಬೇಕು, ಮೆದುಳಲ್ಲಿರೋ ಹಿಪೊಕ್ಯಾಂಪಸ್ ಅನ್ನೋ ಭಾಗ ಹಗಲು ಕಲ್ತಿದ್ದನ್ನ ಆವಾಗ ಮತ್ತೆ ಮತ್ತೆ ಓಡ್ಸಿ ಪಕ್ಕಾ ಮಾಡುತ್ತೆ. ನಿದ್ದೆಗೆಟ್ರೆ ಗಮನ ಹೋಗುತ್ತೆ, ಜೊತೆಗೆ ಸಣ್ ವಿಷ್ಯಕ್ಕೂ ಸಿಟ್ಟು, ಅಳು, ಭಯ.

13ರಿಂದ 18 ವಯಸ್ಸಿನವ್ರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹಂಗಾಗಿ ಮೊದ್ಲು ಏಳೋ ಟೈಮ್ ಫಿಕ್ಸ್ ಮಾಡಿ, ಭಾನುವಾರನೂ ಅದೇ ಟೈಮು, ನನ್ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಎದ್ದು ಸ್ವಲ್ಪ ಹೊತ್ತು ಬಿಸ್ಲಲ್ಲಿ ನಿಲ್ಲಿ. ಕಾಫಿ ಮಧ್ಯಾಹ್ನ 2ಕ್ಕೆ ಲಾಸ್ಟ್, ಯಾಕಂದ್ರೆ ಕುಡ್ದು ಹೆಚ್ಚುಕಮ್ಮಿ 5 ಗಂಟೆ ಆದ್ರೂ ಅರ್ಧ ಕೆಫೀನ್ ಮೈಯಲ್ಲೇ ಇರುತ್ತೆ. ಕಷ್ಟದ ಚಾಪ್ಟರ್ ಸಂಜೇನೇ ಮುಗ್ಸಿ, ಮಲಗೋ ಮುಂಚೆ ಒಂದ್ಸಲ ಕಣ್ಣಾಡ್ಸಿದ್ರೆ ಸಾಕು. ಫೋನ್ ಬೇರೆ ರೂಮಲ್ಲಿ. ತಲೇಲಿ ಚಿಂತೆ ಓಡ್ತಿದ್ರೆ ನಾಳೆ ಮಾಡೋ ಕೆಲ್ಸ ಹಾಳೇಲಿ ಬರ್ದಿಡಿ, 20 ನಿಮಿಷ ಆದ್ರೂ ನಿದ್ದೆ ಬರ್ದಿದ್ರೆ ಒದ್ದಾಡ್ಬೇಡಿ, ಎದ್ದು ಮಂದ ಬೆಳಕಲ್ಲಿ ಕೂತ್ಕೊಳ್ಳಿ, ಕಣ್ಣು ಎಳೆಯೋಕೆ ಶುರುವಾದ್ಮೇಲೆ ಹಾಸಿಗೆಗೆ ಹೋಗಿ.

ವಾರಗಟ್ಲೆ ನಿದ್ದೆ ಇಲ್ದೆ ಮನಸ್ಸು ಕುಗ್ಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಫ್ರೀ, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ಬೋದು.