ಹಳೇ ಎಚ್61 ಬೋರ್ಡಿಗೆ ಹೊಸ ಡ್ರೈವ್: ನನ್ನ ಅನುಭವ

ನನ್ನ ಹಳೇ ಕಂಪ್ಯೂಟರಿನ ಎಚ್61 ಮದರ್‌ಬೋರ್ಡಿಗೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಡೇಟಾ ಇಡುವ ಡ್ರೈವ್) ಹಾಕೋಣವೆಂದುಕೊಂಡೆ. 'ಸಾಟಾ-2 ಪೋರ್ಟಿಗೆ (ಡ್ರೈವ್ ಜೋಡಿಸುವ ಹಳೇ, ನಿಧಾನದ ಕಿಂಡಿ) ಎಸ್‌ಎಸ್‌ಡಿ ಹಾಕಿದರೆ ದುಡ್ಡು ದಂಡ' ಅಂತ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದ ಕಡೆಯೆಲ್ಲ ಹೇಳಿದರು. ಎಚ್61 ಚಿಪ್‌ಸೆಟ್ಟಿನ ನಾಲ್ಕೂ ಪೋರ್ಟು ಸೆಕೆಂಡಿಗೆ 3 ಗಿಗಾಬಿಟ್‌ನವೇ, ನಿಜ. ದೊಡ್ಡ ಫೈಲ್ ಓದುವಾಗ ಸೆಕೆಂಡಿಗೆ 270 ಎಂಬಿ ಆಸುಪಾಸಿಗೆ ನಿಲ್ಲುತ್ತದೆ. ಆದರೆ ವಿಂಡೋಸ್ ಏಳುವಾಗ ಓದುವುದು ಬಹುಪಾಲು ಸಣ್ಣ ಚೂರುಗಳನ್ನು. 4 ಕೆಬಿ ಪರೀಕ್ಷೆಯಲ್ಲಿ ಹಳೇ ಡಿಸ್ಕ್ ಸೆಕೆಂಡಿಗೆ 1 ಎಂಬಿಯನ್ನೂ ಮುಟ್ಟಲಿಲ್ಲ, ಎಸ್‌ಎಸ್‌ಡಿ 20 ದಾಟಿತು. ಎರಡೂವರೆ ನಿಮಿಷದ ಬೂಟ್ ಈಗ 30 ಸೆಕೆಂಡಿನೊಳಗೆ ಮುಗಿಯುತ್ತದೆ.

ಅದಕ್ಕೂ ಮುಂಚೆ ಒಂದು 2 ಟಿಬಿ ಡ್ರೈವಿಗೆ ಸುಮಾರು 4,500 ರೂಪಾಯಿ ಸುರಿದಿದ್ದೆ. ಕಾಪಿ ಸೆಕೆಂಡಿಗೆ 180 ಎಂಬಿಯಲ್ಲಿ ಶುರುವಾಗಿ ಸ್ವಲ್ಪ ಹೊತ್ತಿಗೆ 20-30ಕ್ಕೆ ಕುಸಿಯುತ್ತಿತ್ತು. ಅದು ಎಸ್‌ಎಂಆರ್ ಡ್ರೈವ್. ಅದರಲ್ಲಿ ಟ್ರ್ಯಾಕುಗಳು ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ತಿದ್ದಿದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಡಬ್ಬದ ಮೇಲೆ ಬರೆದಿರಲಿಲ್ಲ. ಅಂಗಡಿಗೆ ಹೋಗುವ ಮುಂಚೆಯೇ ಮಾಡೆಲ್ ನಂಬರನ್ನು ಕಂಪನಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಕೊನೆಗೆ ನಾನು ತಂದದ್ದು ಡೇಟಾಗೆ ಸಿಎಂಆರ್ (ಟ್ರ್ಯಾಕುಗಳು ಒಂದರ ಮೇಲೊಂದು ಕೂರದ ಬಗೆ) ಆಗಿರುವ 1 ಟಿಬಿ ಡಬ್ಲ್ಯೂಡಿ10ಇಜೆಡ್‌ಇಎಕ್ಸ್, ಸಿಸ್ಟಮ್ಮಿಗೆ 240 ಜಿಬಿ ಎಸ್‌ಎಸ್‌ಡಿ. ಎರಡೂ ಸೇರಿ 5,000ದ ಸುತ್ತಮುತ್ತ.

ಸೆಕೆಂಡ್ ಹ್ಯಾಂಡ್ ಅಗ್ಗ, ಆದರೆ ಸಿಸಿಟಿವಿ ಡಿವಿಆರ್‌ನಿಂದ ಕಿತ್ತದ್ದನ್ನು ಓಡಿದ ಗಂಟೆಗಳ ಲೆಕ್ಕ ಸೊನ್ನೆ ಮಾಡಿ ಮಾರುವವರಿದ್ದಾರೆ. ಸೀಗೇಟ್ ಡ್ರೈವಾದರೆ ಸ್ಮಾರ್ಟ್‌ಸಿಟಿಎಲ್ (ಡ್ರೈವಿನ ಆರೋಗ್ಯ ತೋರಿಸುವ ತಂತ್ರಾಂಶ) ಹೊಸ ಆವೃತ್ತಿಯಲ್ಲಿ ಫಾರ್ಮ್ ಲಾಗ್ (ಸೀಗೇಟ್ ಡ್ರೈವಿನೊಳಗೇ ಬೇರೆಯಾಗಿ ಇಡುವ ದಾಖಲೆ) ತೆಗೆಯಿರಿ. ಅಲ್ಲಿಯ ಗಂಟೆಗೂ ಸ್ಮಾರ್ಟ್ (ಡ್ರೈವಿನ ಸಾಮಾನ್ಯ ಆರೋಗ್ಯ ಪಟ್ಟಿ) ತೋರಿಸುವ ಗಂಟೆಗೂ ತಾಳೆಯಾಗದಿದ್ದರೆ ವಾಪಸ್ ಕೊಡಿ.

ನಡುವೆ ಇನ್ನೊಂದು ಪ್ರಯೋಗ: ಬೇರೊಂದು ಹಳೇ ಡಿಸ್ಕಿನ ಮೊದಲ 100 ಜಿಬಿಯನ್ನಷ್ಟೇ ಪಾರ್ಟಿಷನ್ ಮಾಡಿ ವೇಗವಾದ ಹೊರಸುತ್ತಿನಲ್ಲೇ ವಿಂಡೋಸ್ ಕೂರಿಸಿದೆ. ಬೂಟ್ 40 ಸೆಕೆಂಡಿನಷ್ಟು ಇಳಿಯಿತು. ದುಡ್ಡೇ ಇಲ್ಲದವರಿಗೆ ಸಾಕು.

ನಿಜವಾಗಿ ಕಾಡಿದ್ದು ಕ್ಲೋನ್, ಅಂದರೆ ಹಳೇ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ನಕಲು ಮಾಡುವುದು. ಹಳೇ 500 ಜಿಬಿಯಲ್ಲಿ ಸ್ಮಾರ್ಟ್ ಪಟ್ಟಿಯ ಸಿ5, ಅಂದರೆ ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲಾಗದ ಚೂರು), 16 ಇತ್ತು. ಸಾಮಾನ್ಯ ಕ್ಲೋನ್ ತಂತ್ರಾಂಶ ಎರಡು ಸಲ ಅರ್ಧಕ್ಕೇ ನಿಂತಿತು. ಲಿನಕ್ಸ್ ಪೆನ್‌ಡ್ರೈವಿನಿಂದ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ತಂತ್ರಾಂಶ) ಓಡಿಸಿ ಇಡೀ ಡಿಸ್ಕನ್ನು ಮೊದಲು 1 ಟಿಬಿಗೆ ಇಳಿಸಿದೆ: ಮೊದಲ ಸುತ್ತು ಮೈನಸ್ ಎನ್ (ಕಷ್ಟದ ಜಾಗಗಳನ್ನು ಕೆದಕದೆ ಬಿಡು), ಎರಡನೆಯದು ಮೈನಸ್ ಆರ್ 3 (ಕೆಟ್ಟ ಜಾಗಗಳನ್ನು ಮೂರು ಸಲ ಮತ್ತೆ ಓದು), ಎರಡಕ್ಕೂ ಒಂದೇ ಮ್ಯಾಪ್ ಫೈಲ್ (ಎಲ್ಲೆಲ್ಲಿ ಓದಿ ಮುಗಿಯಿತೆಂಬ ದಾಖಲೆ). ಆಮೇಲೆ ಆ ಪ್ರತಿಯ ಮೇಲೆ ವಿಂಡೋಸಿನ ದೋಷ ಪರೀಕ್ಷೆ, ಚೆಕ್‌ಡಿಸ್ಕ್. ಹೈಬರ್ನೇಷನ್, ಪೇಜ್‌ಫೈಲ್, ಸಿಸ್ಟಮ್ ರಿಸ್ಟೋರ್ ಆಫ್ ಮಾಡಿ ಸಿ ಡ್ರೈವನ್ನು 200 ಜಿಬಿಗಿಂತ ಕೆಳಗೆ ಕುಗ್ಗಿಸಿ, ಎಸ್‌ಎಸ್‌ಡಿಗೆ ದಾಟಿಸಿದೆ.  ಎಕ್ಸ್‌ಪಿ ಕಾಲದ ಪಾರ್ಟಿಷನ್ ಸೆಕ್ಟರ್ 63ರಿಂದ ಶುರುವಾಗಿರುತ್ತದೆ. ಅದನ್ನು 2048ಕ್ಕೆ ಸರಿಸದಿದ್ದರೆ ಎಸ್‌ಎಸ್‌ಡಿಯೂ ಕುಂಟುತ್ತದೆ.

ಎಸ್‌ಎಸ್‌ಡಿಯಿಂದ ಮೊದಲ ಸಲ ಏಳಿಸುವಾಗ 1 ಟಿಬಿಯ ಕೇಬಲ್ ಕಿತ್ತಿರಲಿ. ಎರಡರದೂ ಡಿಸ್ಕ್ ಸಿಗ್ನೇಚರ್ (ವಿಂಡೋಸ್ ಡಿಸ್ಕನ್ನು ಗುರುತಿಸುವ ಸಂಖ್ಯೆ) ಒಂದೇ ಆಗಿದ್ದರೆ ಡ್ರೈವ್ ಅಕ್ಷರಗಳು ಕಲಸುಮೇಲೋಗರ. ಬಯಾಸ್ (ಬೋರ್ಡಿನ ಸೆಟ್ಟಿಂಗ್ ಪರದೆ) ಡ್ರೈವ್ ನಡೆಸುವ ಹಳೇ ವಿಧಾನವಾದ ಐಡಿಇ ಮೋಡಿನಲ್ಲಿದ್ದರೆ ನೇರವಾಗಿ ಹೊಸ ವಿಧಾನವಾದ ಎಎಚ್‌ಸಿಐಗೆ ತಿರುಗಿಸಬೇಡಿ, 7ಬಿ ದೋಷದ ನೀಲಿ ಪರದೆ ಬರುತ್ತದೆ. ವಿಂಡೋಸ್ 10ರಲ್ಲಿ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ಬಯಾಸ್ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಎದ್ದ ಮೇಲೆ ಟಿಕ್ ತೆಗೆದರೆ ಸಾಕು.

ಒಂದು ವಾರದಲ್ಲಿ ಸ್ಮಾರ್ಟ್ ಪಟ್ಟಿಯ ಸಿ7 (ಕೇಬಲ್ಲಿನಲ್ಲಿ ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ) ಏರತೊಡಗಿತು. ಡ್ರೈವ್ ಕೆಟ್ಟಿತೆಂದು ವಾರಂಟಿಗೆ ಓಡಬೇಡಿ. ಅದು ಹೆಚ್ಚಾಗಿ ಕೇಬಲ್ಲಿನ ದೋಷ. 80 ರೂಪಾಯಿಯ ಲಾಕ್ ಇರುವ ಸಾಟಾ ಕೇಬಲ್ ಹಾಕಿದ ಮೇಲೆ ಆ ಸಂಖ್ಯೆ 41ಕ್ಕೆ ನಿಂತಿದೆ. ಅದು ಇಳಿಯುವುದಿಲ್ಲ, ಏರದಿದ್ದರೆ ಸರಿ.