ಎರಡು ಮನೆಯ ಬಾಯಿಗೂ ಒಗ್ಗಿದ ಹೆಸರು: ನನ್ನ ಅನುಭವ

ತಮ್ಮನ ಮಗಳಿಗೆ ಹೆಸರಿಟ್ಟು ಹತ್ತಿರ ಹತ್ತಿರ ಎರಡು ವರ್ಷವಾಯಿತು. ಆಲೂರು ಕಡೆಯ ನಮ್ಮ ಒಕ್ಕಲಿಗರ ಮನೆಯಲ್ಲೂ, ಬಾಳೆಹೊನ್ನೂರು ಕಡೆಯ ಅವಳ ತಾಯಿಯ ಕೊಂಕಣಿ ಕ್ಯಾಥೊಲಿಕ್ ಮನೆಯಲ್ಲೂ ಇವತ್ತಿಗೂ ಒಂದೇ ಹೆಸರು ನಡೆಯುತ್ತಿದೆ. ‘ಅದಾಗದ ಕೆಲಸ, ಎರಡು ಹೆಸರು ಇಟ್ಟುಬಿಡಿ’ ಅಂದವರೇ ಈಗ ಫೋನ್ ಮಾಡಿ ‘ನಮ್ಮ ಮಗುವಿಗೂ ಒಂದು ನೋಡಿಕೊಡಿ’ ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪಂಚಾಂಗ ನೋಡಿ ಪಾದಕ್ಕೆ ಅಕ್ಷರ ತೆಗೆಯುವುದೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನಮ್ಮಲ್ಲಿ ತೊಟ್ಟಿಲ ಶಾಸ್ತ್ರದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಆ ಹಕ್ಕು ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡುವವಳಲ್ಲ ನಾನು. ಮಗು ಚಿತ್ತಾ ನಕ್ಷತ್ರ, ನಾಲ್ಕನೇ ಪಾದ. ಆ ನಕ್ಷತ್ರದ ನಾಲ್ಕು ಪಾದಕ್ಕೆ ಪೇ, ಪೋ, ರಾ, ರೀ ಅಂತ ಎಣಿಸಿದರೆ ಬರುವುದು ರೀ, ಹೆಸರು ಅದರಿಂದ ಶುರುವಾಗಬೇಕು.

ಮೊದಲು ವಾಟ್ಸಾಪ್ ಗುಂಪಿನಲ್ಲಿ ಮತ ಹಾಕಿಸಿದೆವು. ಐವತ್ತು ಅರವತ್ತು ಹೆಸರು ಬಂದವು. ಅವರ ಕಡೆಯವರು ಅವರ ಹೆಸರಿಗೆ, ನಮ್ಮವರು ನಮ್ಮದಕ್ಕೆ ಒತ್ತಿ ಕೂತರು. ಜೋಯಿಸರಿಗೆ ಐನೂರು ದಕ್ಷಿಣೆ ಕೊಟ್ಟರೆ ರಿತ್ವಿಕಾ, ರಿಷಿಕಾ, ರಿದ್ಧಿ ಅಂತ ಪಟ್ಟಿ ಕೊಟ್ಟರು. ಒಂದೂ ನಮ್ಮ ಅವ್ವನ ಬಾಯಲ್ಲಿ ನಿಲ್ಲಲಿಲ್ಲ. ಅವ್ವನಿಗೆ ಹಾಸನವೇ ಆಸ್ನ; ಷಕಾರ ಸಕಾರವಾಗುತ್ತದೆ, ಮಹಾಪ್ರಾಣ ಇಲ್ಲವೇ ಇಲ್ಲ. ರಿಷಿಕಾ ರಿಸಿಕ ಆದಳು, ರಿದ್ಧಿ ರದ್ದಿ ಆದಳು.

ಆಮೇಲೆ ತಮ್ಮನ ಗೆಳೆಯನೊಬ್ಬ ಸಂಖ್ಯಾಶಾಸ್ತ್ರದವರ ಹತ್ತಿರ ಕರೆದೊಯ್ದ. ಎರಡೂವರೆ ಸಾವಿರ ಹೋಯಿತು. ಅವರು ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ಎರಡು ‘ಎ’, ಒಂದು ‘ಹೆಚ್’ ಸೇರಿಸಿ ಕೊಟ್ಟರು. ನಮ್ಮ ಜನನ ಪ್ರಮಾಣಪತ್ರದಲ್ಲಿ ಹೆಸರು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರುತ್ತದೆ. ಕನ್ನಡದಲ್ಲಿ ಬರೆದ ಕೂಡಲೇ ಆ ಮೂರು ಅಕ್ಷರದ ಭಾಗ್ಯವೆಲ್ಲ ಮಾಯ! ಇಂಗ್ಲಿಷ್‌ನಲ್ಲಿ ಉಳಿದದ್ದು ಮುಂದೆ ಆಧಾರ್‌ನಲ್ಲಿ ಒಂದು ಥರ, ಶಾಲೆಯಲ್ಲಿ ಇನ್ನೊಂದು ಥರ ಆಗುತ್ತದೆ. ನಮ್ಮ ಸಂಬಂಧಿಕರೊಬ್ಬರು ಇಂಥದೇ ಸ್ಪೆಲ್ಲಿಂಗ್ ಸರಿಮಾಡಿಸಲು ಅಫಿಡವಿಟ್, ನೋಟರಿ, ಓಡಾಟ ಅಂತ ಆರೇಳು ಸಾವಿರ ಸುರಿದಿದ್ದಾರೆ.

ಅಜ್ಜಿಯರದ್ದು ಬೇರೆಯೇ ತೊಡಕು. ಕೊಂಕಣಿ ಕ್ಯಾಥೊಲಿಕರಲ್ಲಿ ಮೊದಲ ಮಗುವಿಗೆ ತಂದೆಯ ಕಡೆಯ ಅಜ್ಜ ಅಜ್ಜಿಯ ಹೆಸರಿಡುವ ಪದ್ಧತಿಯಿದೆ. ಹಾಗಾಗಿ ಬೀಗಿತ್ತಿ ತುಂಬು ಮನಸ್ಸಿನಿಂದ ‘ನಿಮ್ಮ ತಾಯಿಯ ಹೆಸರೇ ಇಡೋಣ’ ಅಂದರು. ಅವ್ವ ಒಪ್ಪಲೇ ಇಲ್ಲ. ‘ನಾನು ಬದುಕಿರೋವಾಗ್ಲೇ ನನ್ನ ಹೆಸರಿಟ್ಟು, ನನ್ ಮುಂದೇನೇ ಅದನ್ನ ಬೈತೀರಾ?’ ಅಂತ ಕೇಳಿದಳು. ಇಬ್ಬರದೂ ಗೌರವವೇ, ಆದರೆ ಒಂದರ ಎದುರು ಒಂದು ನಿಂತಿತ್ತು. ಅಲ್ಲಿಂದ ನಾನು ಅರ್ಥ, ಅಕ್ಷರ, ದೇವರು ಮೂರನ್ನೂ ಪಕ್ಕಕ್ಕಿಟ್ಟು ಬಾಯಿಂದ ಶುರು ಮಾಡಿದೆ.

ನಲವತ್ತರಷ್ಟು ಹೆಸರು ಬರೆದುಕೊಂಡೆ. ಅವ್ವನನ್ನು ಕಾಫಿ ಕಣದ ಈ ತುದಿಯಲ್ಲಿ ನಿಲ್ಲಿಸಿ, ಆ ತುದಿಯಲ್ಲಿರುವ ಮಗುವನ್ನು ಕರೆಯುವ ಹಾಗೆ ಒಂದೊಂದನ್ನೂ ಕೂಗಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಬಾಳೆಹೊನ್ನೂರಿಗೆ ಹೋಗಿ ಬೀಗಿತ್ತಿಯಿಂದಲೂ ಅದೇ ಪಟ್ಟಿ ಕೂಗಿಸಿದೆ. ಆಮೇಲೆ ಅವ್ವನ ಧ್ವನಿಯನ್ನು ಆ ಮನೆಯ ಶಾಲೆ ಹುಡುಗನಿಗೆ, ಬೀಗಿತ್ತಿಯ ಧ್ವನಿಯನ್ನು ನಮ್ಮ ಮನೆಯ ಹುಡುಗಿಗೆ ಕೇಳಿಸಿ, ಕೇಳಿದ್ದನ್ನು ಕೇಳಿದ ಹಾಗೇ ಉಕ್ತಲೇಖನ ಬರೆಸಿದೆ. ಎರಡು ನೋಟ್‌ಬುಕ್ಕಿನಲ್ಲೂ ಒಂದೇ ಥರ ಬಂದ ಹೆಸರು ಮಾತ್ರ ಪಾಸು. ಮನೆಯವರೆಲ್ಲ ಇದೇನು ಹುಚ್ಚು ಅಂದರು. ಆರೋ ಏಳೋ ಹೆಸರು ಉಳಿದವು. ಉಳಿದವುಗಳಲ್ಲೆಲ್ಲ ಮೊದಲ ಅಕ್ಷರವೇ ದೀರ್ಘ, ಒತ್ತಕ್ಷರವಿಲ್ಲ, ಹಕಾರವಿಲ್ಲ: ಲೀಲಾ, ಮೀನಾ, ರೀನಾ, ರೀತಾ ಇಂಥವು.

ಆಗ ಪಂಚಾಂಗ ತೆಗೆದೆ. ರೀ ಇದ್ದದ್ದು ಎರಡು. ರೀನಾ ಅವರ ದೊಡ್ಡಪ್ಪನ ಮನೆಯಲ್ಲಿ ಆಗಲೇ ಇದ್ದಾಳೆ. ಉಳಿದದ್ದು ರೀತಾ. ಇಟಲಿಯ ಕಾಸ್ಸಿಯಾದ ಸಂತ ರೀತಾಳ ಹಬ್ಬ ಮೇ 22. 1900ರಲ್ಲಿ ಅವಳನ್ನು ಸಂತಳೆಂದು ಘೋಷಿಸಿದ್ದು. ಬೀಗಿತ್ತಿಯ ಮುಖ ಅರಳಿತು. ಸಂತರ ಹೆಸರು ಈಗ ಕಡ್ಡಾಯವೇನಲ್ಲ ಅನ್ನುವುದು ಬೇರೆ ಮಾತು. 1917ರ ಕ್ಯಾಥೊಲಿಕ್ ಧರ್ಮಸಭೆಯ ನಿಯಮ ಸಂಹಿತೆ ಕ್ರೈಸ್ತ ಹೆಸರಿಗೆ ಒತ್ತಾಯ ಮಾಡುತ್ತಿತ್ತು; 1983ರ ಸಂಹಿತೆಯ 855ನೇ ನಿಯಮ ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಇಡದಂತೆ ನೋಡಿಕೊಳ್ಳಿ ಅನ್ನುತ್ತದೆ, ಅಷ್ಟೇ. ಇದು ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎರಡು ಗುಟ್ಟು ನನ್ನಲ್ಲೇ ಇರಲಿ. ಪಟ್ಟಿಯ ಮೊದಲ ಹತ್ತು ಹೆಸರು ಹೇಗೆ ಆರಿಸುವುದು ಅನ್ನುವುದು ಒಂದು. ಆರಿಸಿದ ಹೆಸರನ್ನು ಇಬ್ಬರು ಅಜ್ಜಿಯರಲ್ಲಿ ಯಾರ ಬಾಯಿಂದ ಮೊದಲು ಹೊರಡಿಸಬೇಕು ಅನ್ನುವುದು ಇನ್ನೊಂದು. ಮನೆಗೆ ಬಂದವರಿಗೆ ಕಾಫಿ ಕೊಟ್ಟು ಹೇಳುತ್ತೇನೆ.

ಖರ್ಚು ನೋಡಿ: ಮೊದಲಿನ ದಾರಿಗಳಿಗೆ ಮೂರು ಸಾವಿರ ಹೋಗಿತ್ತು. ನನ್ನ ದಾರಿಗೆ ಪೆಟ್ರೋಲು, ಮಕ್ಕಳಿಗೆ ಚಾಕಲೇಟು ಸೇರಿ ಸಾವಿರದ ಆಸುಪಾಸು. ಅವಸರವನ್ನಂತೂ ಮಾಡಲೇಬೇಡಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿಲ್ಲದೆಯೇ ನೋಂದಾಯಿಸಬಹುದು. ಆಮೇಲೆ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನ, ಊರಿನ ಪುರಾವೆಯಾಗಿ ನಡೆಯುವುದು ಜನನ ಪ್ರಮಾಣಪತ್ರವೇ. ಹಾಗಾಗಿ ಹೆಸರು ಗಟ್ಟಿಯಾದ ಮೇಲೇ ಬರೆಸಿ.

ನಡುವೆ ಹೊಯ್ಸಳರ ಕಾಲದ ಹೆಸರುಗಳ ಮೇಲೂ ಪ್ರಯೋಗ ಮಾಡಿದೆ. ನಮ್ಮ ಜಿಲ್ಲೆಯಲ್ಲಿದ್ದು ಅದನ್ನು ಬಿಡಲು ಮನಸ್ಸಾಗಲಿಲ್ಲ. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಗಂಡ ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದವನು. ಎರಡು ಮೂರು ಮತ ಕೂಡಿದ ಮನೆ ಇಲ್ಲಿ ಹೊಸದಲ್ಲ. ಶಾಂತಲಾ ಅವ್ವನ ಬಾಯಲ್ಲಿ ಸಾಂತ್ಲ ಆಗಿ ಬಿದ್ದುಹೋಯಿತು. ಬೇಲೂರಿನ ಶಿಲ್ಪಿ ದಾಸೋಜನ ಮಗ ಚಾವಣನ ಹೆಸರು ಮಾತ್ರ ಎರಡು ನೋಟ್‌ಬುಕ್ಕಿನಲ್ಲೂ ತಪ್ಪಿಲ್ಲದೆ ಬಂತು. ಗಂಡು ಮಗುವಿಗೆ ಬೇಕಾದವರು ತೆಗೆದುಕೊಳ್ಳಿ, ಇನ್ನೂ ಯಾರೂ ಇಟ್ಟಿಲ್ಲ.

ಹೋದ ವರ್ಷ ಹಾಸನದಲ್ಲೇ ಒಂದು ಕನ್ನಡ-ಬಂಗಾಳಿ ಜೋಡಿಗೆ ಮಾಡಿಕೊಟ್ಟೆ. ಅಲ್ಲಿ ಜರಡಿಯೇ ಬೇರೆ. ಬಂಗಾಳಿ ಬಾಯಲ್ಲಿ ವಕಾರ ಬಕಾರವಾಗುತ್ತದೆ, ಮೊದಲಿನ ಯಕಾರ ಜಕಾರವಾಗುತ್ತದೆ; ಯಮುನಾ ಅಲ್ಲಿ ಜಮುನಾ. ಆ ಎರಡರಿಂದ ಶುರುವಾಗುವುದನ್ನು ನೋಡಿದ ಕೂಡಲೇ ಹೊಡೆದುಹಾಕಿದೆ. ಮನೆಯಲ್ಲಿ ಕರೆಯಲು ಡಾಕ್ ನಾಮ್, ಊರಿಗೆ ಭಾಲೋ ನಾಮ್ ಅಂತ ಅವರಲ್ಲಿ ಮೊದಲೇ ಎರಡಿರುವುದರಿಂದ ಕೆಲಸ ಬೇಗ ಮುಗಿಯಿತು.

ಈಗ ತಮ್ಮನ ಹೆಂಡತಿಗೆ ಮತ್ತೆ ಏಳು ತಿಂಗಳು. ಎರಡನೆಯದಕ್ಕೆ ತಾಯಿ ಕಡೆಯ ಅಜ್ಜ ಅಜ್ಜಿಯ ಹೆಸರು ಬರಬೇಕು ಅನ್ನುವ ಮಾತು ಆಗಲೇ ಎದ್ದಿದೆ. ಪಾದ ಗೊತ್ತಾಗುವುದು ಹುಟ್ಟಿದ ಮೇಲೆ, ಆದರೆ ಕೂಗಿಸುವುದಕ್ಕೆ ಅದು ಬೇಕಿಲ್ಲ. ಮೂವತ್ತು ಹೆಸರು ಸಿದ್ಧ ಮಾಡಿಟ್ಟುಕೊಂಡಿದ್ದೇನೆ, ಭಾನುವಾರ ಬಾಳೆಹೊನ್ನೂರಿಗೆ ಹೊರಟಿದ್ದೇನೆ.